ಶೀತದೇಶದ ಮನೆಯಲ್ಲಿ ಬಿಸಿನೀರು

ಅಮೆರಿಕದ ಈಶಾನ್ಯ ಭಾಗದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿ ಬರುವ ನಮ್ಮ ಹಿರಿಯರು ಅಲ್ಲಿಯ ಸೌಕರ್ಯಗಳನ್ನೆಲ್ಲ ಹೊಗಳಿ, ಕೊನೆಗೊಂದು ಮಾತು ಸೇರಿಸುವುದುಂಟು: ಪೂಜೆಯ ಮುನ್ನ ಮನೆಮಂದಿಯೆಲ್ಲ ಸ್ನಾನಕ್ಕೆ ನಿಂತರೆ ಮೂರನೆಯವರಿಗೆ ನೀರು ಉಗುರುಬೆಚ್ಚಗಾಗಿರುತ್ತದೆ. ಬಾಯ್ಲರು ಸಣ್ಣದಾಯಿತು, ದೊಡ್ಡದನ್ನು ಹಾಕಿಸಬೇಕೆಂಬ ಸಲಹೆಯೂ ಬೆನ್ನಿಗೇ ಬರುತ್ತದೆ. ಈ ಸಲಹೆ ಬಹುಪಾಲು ಅನಾವಶ್ಯಕವೆಂದು ನಮ್ಮ ಅಭಿಪ್ರಾಯ.

ನಮ್ಮ ಬಚ್ಚಲ ಹಂಡೆಯಲ್ಲಿ ಉರಿಯು ನೇರವಾಗಿ ಸ್ನಾನದ ನೀರನ್ನೇ ಕಾಯಿಸುತ್ತದೆ. ಅಲ್ಲಿಯ ಅನೇಕ ಮನೆಗಳ ಏರ್ಪಾಡು ಬೇರೆ. ಕೋಣೆಗಳನ್ನು ಬೆಚ್ಚಗಿಡುವ ಬಾಯ್ಲರಿನ ನೀರು, ಪ್ರತ್ಯೇಕ ತೊಟ್ಟಿಯೊಂದರ ಒಳಗಿರುವ ಸುರುಳಿ ಕೊಳವೆಯಲ್ಲಿ ಹರಿದು ಹಿಂದಿರುಗುತ್ತದೆ. ಸ್ನಾನದ ನೀರು ಕೊಳವೆಯ ಹೊರಗೆ ನಿಂತು ಬಿಸಿಯಾಗುತ್ತದೆ, ಎರಡೂ ಬೆರೆಯುವುದಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಿಸಿನೀರಿನಲ್ಲಿ ಇಳಿಸಿಡುವ ಗೃಹಿಣಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಸುತ್ತಲಿನ ನೀರು ಬೆಚ್ಚಗಷ್ಟೇ ಇದ್ದರೆ ಎಣ್ಣೆ ಕರಗಲು ತಡ, ಸುಡುವಷ್ಟಿದ್ದರೆ ಬೇಗ.

ಆದುದರಿಂದ ಸುರುಳಿಯ ನೀರು ತೊಟ್ಟಿಯ ನೀರಿಗಿಂತ ಬಹಳ ಬಿಸಿಯಾಗಿರಬೇಕು. ತೊಟ್ಟಿ 60 ಡಿಗ್ರಿ ಸೆಂಟಿಗ್ರೇಡ್ ಮುಟ್ಟಬೇಕಾದರೆ ಬಾಯ್ಲರಿನಿಂದ 80ರ ಆಸುಪಾಸಿನ ನೀರು ಬರುವುದು ಲೇಸು. ಹೊಸ ಬಗೆಯ ಬಾಯ್ಲರುಗಳನ್ನು ಇಂಧನದ ಉಳಿತಾಯಕ್ಕಾಗಿ 50-55 ಡಿಗ್ರಿಗೇ ನಿಲ್ಲಿಸಿರುವುದುಂಟು. ಕೋಣೆಗೆ ಅದು ಸಾಕಾಗಬಹುದು. ತೊಟ್ಟಿ ಮಾತ್ರ ಎಷ್ಟು ಹೊತ್ತು ಕಾದರೂ 60ಕ್ಕೆ ಏರದು. ಇಂಥ ಬಾಯ್ಲರುಗಳಲ್ಲಿ ಸ್ನಾನದ ನೀರಿಗಾಗಿ ಪ್ರತ್ಯೇಕ ಉಷ್ಣತೆಯನ್ನು ಗೊತ್ತುಪಡಿಸುವ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ತೊಟ್ಟಿ ಕಾಯುವವರೆಗೆ ಕೋಣೆಗಳ ಪಂಪು ನಿಲ್ಲುವಂತೆಯೂ ಏರ್ಪಡಿಸಬಹುದು. ಅರ್ಧ ಗಂಟೆಯಲ್ಲಿ ಮನೆಯೇನೂ ತಣ್ಣಗಾಗುವುದಿಲ್ಲ. ಇಷ್ಟಾದರೂ ನೀರು ಕಾಯದಿದ್ದರೆ ಕೊಳವೆಯಲ್ಲಿ ಗಾಳಿ ಸಿಕ್ಕಿರಬೇಕು, ಇಲ್ಲವೆ ಗಡಸು ನೀರಿನ ಸುಣ್ಣ ಸುರುಳಿಗೆ ಕಟ್ಟಿರಬೇಕು.

ತೊಟ್ಟಿಯ ಉಷ್ಣತೆ ಹೆಚ್ಚಿದರೆ ನೀರಿನ ಪ್ರಮಾಣವೂ ಹೆಚ್ಚಿದಂತೆಯೇ. ಚಳಿಗಾಲದಲ್ಲಿ ಅಲ್ಲಿಯ ನಲ್ಲಿಯ ನೀರು 5 ಡಿಗ್ರಿಯಷ್ಟಿದ್ದು, ಸ್ನಾನಕ್ಕೆ 40 ಡಿಗ್ರಿ ಬೇಕೆಂದಿಟ್ಟುಕೊಳ್ಳೋಣ. 150 ಲೀಟರಿನ ತೊಟ್ಟಿ 50 ಡಿಗ್ರಿಯಲ್ಲಿದ್ದರೆ, ತಣ್ಣೀರು ಬೆರೆಸಿ ದೊರೆಯುವುದು ಲೆಕ್ಕದ ಪ್ರಕಾರ ಸುಮಾರು 193 ಲೀಟರು. 60ರಲ್ಲಿದ್ದರೆ 236 ಲೀಟರು. ತೊಟ್ಟಿ ಅದೇ, ಒಬ್ಬರ ಸ್ನಾನ ಹೆಚ್ಚು!

60 ಡಿಗ್ರಿಗೆ ಇನ್ನೊಂದು ಕಾರಣವುಂಟು. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಸ್ಥೆಯ ಸಮಾವೇಶಕ್ಕೆ ಬಂದವರಲ್ಲಿ ಅನೇಕರು ವಿಲಕ್ಷಣ ನ್ಯುಮೋನಿಯಾದಿಂದ ಮೃತರಾದರು. ಮರುವರ್ಷ ಪತ್ತೆಯಾದ ಅದರ ರೋಗಾಣುವಿಗೆ ಲೀಜಿಯನೆಲ್ಲಾ ಎಂಬ ಹೆಸರು ಬಂದಿತು. ಬೆಚ್ಚಗಷ್ಟೇ ಇರುವ ನೀರಿನ ತೊಟ್ಟಿಗಳಲ್ಲಿಯೂ ಅದು ಬೆಳೆಯುತ್ತದೆ. 60 ಡಿಗ್ರಿಯಲ್ಲಿ ಬದುಕಲಾರದು. ವೃದ್ಧರಿಗೆ ಈ ರೋಗದ ಭಯ ಹೆಚ್ಚು.

ಆದರೆ ಅದೇ 60 ಡಿಗ್ರಿಯ ನೀರು ಮೈಮೇಲೆ ಬಿದ್ದರೆ ಐದಾರು ಸೆಕೆಂಡುಗಳಲ್ಲಿ ಚರ್ಮ ಬೇಯುತ್ತದೆ. ಮಗುವಿನ ಎಳೆಯ ಮೈಗೆ ಅಷ್ಟು ಹೊತ್ತೂ ಬೇಡ. ಮೊಮ್ಮಗುವಿಗೆ ಎರೆಯಲು ಕುಳಿತ ಅಜ್ಜಿಗೆ ಅಲ್ಲಿಯ ನಲ್ಲಿಯ ತಿರುವು ಹೊಸದು ಎಂಬುದನ್ನು ಮರೆಯಬಾರದು. ತೊಟ್ಟಿಯಿಂದ ಹೊರಡುವ ಕೊಳವೆಗೆ ತಾನಾಗಿಯೇ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಕೂಡಿಸಿ, ನಲ್ಲಿಗೆ 49 ಡಿಗ್ರಿಗಿಂತ ಹೆಚ್ಚು ಬಾರದಂತೆ ಗೊತ್ತುಮಾಡಿಸಬೇಕು. ಅದಿಲ್ಲದೆ ತೊಟ್ಟಿಯ ಬಿಸಿಯನ್ನು ಏರಿಸುವುದನ್ನು ನಾವು ಒಪ್ಪುವುದಿಲ್ಲ.

ಈ ವಾಲ್ವ್ ಮೊದಲೇ ಇದ್ದು, ಕೆಟ್ಟು, ಅಗತ್ಯಕ್ಕಿಂತ ಹೆಚ್ಚು ತಣ್ಣೀರು ಬೆರೆಸುತ್ತಿರುವುದೂ ಉಂಟು. ತೊಟ್ಟಿಯ ಮಾಪಕ 60 ತೋರಿಸಿ ನಲ್ಲಿಯ ನೀರು 38 ಇದ್ದರೆ ಸಂಶಯ ಮೊದಲು ಅದರ ಮೇಲೆಯೇ ಬೀಳಬೇಕು. ಅಲ್ಲಿಯ ಮಾಪಕಗಳಲ್ಲಿ ಫ್ಯಾರನ್‌ಹೀಟ್ ಅಂಕಿಗಳಿರುವುದರಿಂದ ತೊಟ್ಟಿಗೆ 140, ನಲ್ಲಿಗೆ 120 ಎಂದು ಓದಿಕೊಳ್ಳತಕ್ಕದ್ದು. ಬಾಯ್ಲರನ್ನು ಬದಲಾಯಿಸುವ ಮಾತು ಈ ಪರೀಕ್ಷೆಗಳೆಲ್ಲ ಮುಗಿದ ಮೇಲಿನದು.