ಟರ್ಕಿಯ ರತ್ನಗಂಬಳಿ: ಯಾರಿಗಾಗಿ ನೇಯ್ದದ್ದು?

ಇಸ್ತಾಂಬುಲ್‌ನ ಗ್ರ್ಯಾಂಡ್ ಬಜಾರಿನಲ್ಲಿ ಹಳೆಯ ರತ್ನಗಂಬಳಿ ಕೊಳ್ಳಲು ಬಂದ ಹೊಸಬರು ಮೊದಲು ಅದರ ಅಂದ ನೋಡುತ್ತಾರೆ. ಕಸುಬು ಬಲ್ಲವರು ಒಂದು ಮೂಲೆ ಹಿಡಿದು ಮಗುಚಿ ಅದರ ಬೆನ್ನು ನೋಡುತ್ತಾರೆ. ಮೇಲಿನ ಉಣ್ಣೆ ಬಿಸಿಲು, ಓಡಾಟ, ತೊಳೆತಗಳಿಗೆ ಸಿಕ್ಕಿ ಬದಲಾಗಿರುತ್ತದೆ. ಬೆನ್ನು ಮಾತ್ರ ಮೊದಲಿನಂತೆಯೇ ಇರುತ್ತದೆ: ಎಷ್ಟು ಒತ್ತಾಗಿ ಗಂಟು ಹಾಕಿದ್ದಾರೆ, ಎಲ್ಲಿ ಹರಿದು ಮತ್ತೆ ಹೆಣೆದಿದ್ದಾರೆ, ಮೂಲ ಬಣ್ಣ ಯಾವುದಿತ್ತು ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ.

ವ್ಯಾಪಾರದ ರೂಢಿಯಲ್ಲಿ ನೂರು ವರ್ಷ ದಾಟಿದ್ದು ಆಂಟಿಕ್, ಅದಕ್ಕಿಂತ ಚಿಕ್ಕ ಪ್ರಾಯದ್ದು ವಿಂಟೇಜ್. ಆದರೆ ವಯಸ್ಸೊಂದರಿಂದಲೇ ಗಂಬಳಿಯ ಗುಣ ತಿಳಿಯುವುದಿಲ್ಲ. ಟರ್ಕಿಯ ನೇಯ್ಗೆಯನ್ನು ಅರಿಯಲು ಇನ್ನೊಂದು ಪ್ರಶ್ನೆ ಹೆಚ್ಚು ನೆರವಾಗುತ್ತದೆ: ಇದನ್ನು ಯಾರಿಗಾಗಿ ನೇಯ್ದರು? ಮನೆಗೋ, ಮಸೀದಿಗೋ, ಅರಮನೆಗೋ, ದೂರದೇಶದ ವರ್ತಕನಿಗೋ?

ಮನೆಯ ಮಗ್ಗ

ಟರ್ಕಿಯ ಏಷ್ಯಾ ಭಾಗವಾದ ಅನಟೋಲಿಯಾದಲ್ಲಿ ಕುರಿ ಮಂದೆಯೊಡನೆ ಬಯಲಿಗೂ ಬೆಟ್ಟಕ್ಕೂ ಅಲೆಯುತ್ತಿದ್ದ ಯೊರುಕ್ ಪಂಗಡಗಳಿಗೆ ನೇಯ್ಗೆಯೇ ಗೃಹೋಪಯೋಗಿ ವಸ್ತು. ಗುಡಾರದ ನೆಲಹಾಸು, ಬಾಗಿಲ ಪರದೆ, ಧಾನ್ಯದ ಚೀಲ ಎಲ್ಲವೂ ಹೆಂಗಸರ ಮಗ್ಗದಿಂದಲೇ ಬರಬೇಕಿತ್ತು. ಹಳ್ಳಿಯ ಹುಡುಗಿಯರು ಮದುವೆಯಾಗಿ ಹೋಗುವಾಗ ಒಯ್ಯಲು ತಾವೇ ಗಂಬಳಿ ನೇಯುತ್ತಿದ್ದರು.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕಿಲಿಮ್. ನಮ್ಮ ನವಲಗುಂದದ ಜಮಖಾನದಂತೆ ಇದಕ್ಕೂ ಜುಂಗು ಇರುವುದಿಲ್ಲ; ಹೊಕ್ಕಿನ ನೂಲೇ ಚಿತ್ತಾರವಾಗುತ್ತದೆ. ಒಂದು ಬಣ್ಣದ ಹೊಕ್ಕು ತನ್ನ ಗಡಿಯವರೆಗೆ ಹೋಗಿ ಹಿಂದಿರುಗುತ್ತದೆ, ಪಕ್ಕದ ಬಣ್ಣವೂ ಹಾಗೆಯೇ. ಎರಡರ ನಡುವೆ ಸಣ್ಣ ಸೀಳು ಉಳಿಯುತ್ತದೆ. ಗಡಿ ನೆಟ್ಟಗೆ ಉದ್ದಕ್ಕೆ ಸಾಗಿದರೆ ಬಟ್ಟೆಯೇ ಹರಿದೀತು. ಆದ್ದರಿಂದ ನೇಕಾರ್ತಿ ಗಡಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಒಯ್ಯುತ್ತಾಳೆ. ಕಿಲಿಮ್‌ನ ತ್ರಿಕೋನ, ವಜ್ರಾಕೃತಿಗಳು ಹುಟ್ಟಿದ್ದರಲ್ಲಿ ಈ ತಂತ್ರದ ಪಾಲು ದೊಡ್ಡದು.

ಇನ್ನೊಂದು ಗಂಟಿನ ರತ್ನಗಂಬಳಿ, ಟರ್ಕಿಯವರ ಹಾಲಿ. ಉಣ್ಣೆಯ ತುಂಡೊಂದನ್ನು ಹಾಸಿನ ಎರಡು ಎಳೆಗಳಿಗೂ ಸುತ್ತಿ, ಅದರ ಎರಡೂ ತುದಿಗಳನ್ನು ನಡುವಿನಿಂದ ಹೊರಗೆಳೆದು ಕತ್ತರಿಸಬೇಕು. ಈ ಗಂಟಿಗೆ ಗೋರ್ಡೆಸ್ ಎಂಬ ಊರಿನ ಹೆಸರು ಅಂಟಿಕೊಂಡಿದೆ. ಒಂದು ಸಾಲು ಗಂಟು ಮುಗಿದ ಮೇಲೆ ಹೊಕ್ಕು ಹಾಯಿಸಿ, ಭಾರವಾದ ಹಣಿಗೆಯಿಂದ ಕುಟ್ಟಿ ಕೂರಿಸುತ್ತಾರೆ. ಹಳ್ಳಿಯ ಸಾಧಾರಣ ಗಂಬಳಿಯಲ್ಲೂ ಚದರ ಮೀಟರಿಗೆ ಲಕ್ಷದಷ್ಟು ಗಂಟುಗಳಿರುತ್ತವೆ. ಈ ಗಂಟು ಟರ್ಕಿಗಿಂತಲೂ ಹಳೆಯದು. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಜಿರಿಕ್‌ನಲ್ಲಿ, ಹಿಮಗಟ್ಟಿದ್ದ ಸಮಾಧಿಯೊಂದರಲ್ಲಿ 1949ರಲ್ಲಿ ಸಿಕ್ಕ, ಸುಮಾರು 2,400 ವರ್ಷ ಹಳೆಯ ಗಂಬಳಿಯಲ್ಲೂ ಇದೇ ಗಂಟಿದೆ.

ಚಿಹ್ನೆಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಸೊಂಟದ ಮೇಲೆ ಕೈಯಿಟ್ಟ ಹೆಣ್ಣು, ಟಗರಿನ ಕೊಂಬು, ತೋಳದ ಬಾಯಿ ಎಂದು ನೇಕಾರ್ತಿಯರು ಹೆಸರಿಟ್ಟ ಆಕೃತಿಗಳಿಗೆ ಅಂಗಡಿಯವರು ಉದ್ದುದ್ದ ಕಥೆ ಕಟ್ಟುತ್ತಾರೆ. ವಿದ್ವಾಂಸರೂ ಇದಕ್ಕೆ ಹೊರತಲ್ಲ. ಕಿಲಿಮ್‌ನ ಆಕೃತಿಗಳು ನವಶಿಲಾಯುಗದ ನೆಲೆಯಾದ ಚಾತಲ್‌ಹ್ಯೂಯುಕ್‌ನ ಗೋಡೆಚಿತ್ರಗಳಲ್ಲೇ ಇದ್ದವೆಂದು ಪುರಾತತ್ವಜ್ಞ ಜೇಮ್ಸ್ ಮೆಲ್ಲಾರ್ಟ್ 1989ರಲ್ಲಿ ಚಿತ್ರಸಮೇತ ವಾದಿಸಿದರು. ಆ ಗೋಡೆಚಿತ್ರಗಳನ್ನು ಬೇರೆ ಯಾರೂ ಕಂಡಿರಲಿಲ್ಲ. ಅವರು ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಕೃತಕವಾಗಿ ಸೃಷ್ಟಿಸಿದ ಇಂಥ ಕರಡುಗಳು ಸಿಕ್ಕಿದ್ದು 2018ರಲ್ಲಿ ಸುದ್ದಿಯಾಯಿತು.

ದಾನ ಕೊಟ್ಟದ್ದು ಉಳಿಯಿತು

ನೆಲದ ಮೇಲೆ ಹಾಸುವ ಉಣ್ಣೆ ನೂರಾರು ವರ್ಷ ಉಳಿಯುವುದು ಅಪರೂಪ. ಟರ್ಕಿಯಲ್ಲಿ ಉಳಿದಿದ್ದರೆ ಅದಕ್ಕೆ ಮಸೀದಿಗಳು ಕಾರಣ. ಭಕ್ತರು ಹರಕೆಯಾಗಿ, ಸತ್ತವರ ಹೆಸರಿನಲ್ಲಿ ಗಂಬಳಿ ದಾನ ಮಾಡುತ್ತಿದ್ದರು. ಹಳೆಯದರ ಮೇಲೆ ಹೊಸದನ್ನು ಹಾಸುತ್ತ ಹೋದಂತೆ ಅಡಿಯವು ಸುರಕ್ಷಿತವಾಗಿ ಉಳಿದವು. ಕೊನ್ಯಾದ ಅಲಾಉದ್ದೀನ್ ಮಸೀದಿಯಲ್ಲಿ 1905ರ ಸುಮಾರಿಗೆ ಬೆಳಕಿಗೆ ಬಂದ ಸೆಲ್ಜುಕ್ ಕಾಲದ ಗಂಬಳಿಗಳು ಹಾಗೆ ಉಳಿದವು; ಅವು ಈಗ ಇಸ್ತಾಂಬುಲ್‌ನ ಟರ್ಕಿ ಮತ್ತು ಇಸ್ಲಾಮಿಕ್ ಕಲೆಗಳ ಮ್ಯೂಸಿಯಂನಲ್ಲಿವೆ. 14ನೇ ಶತಮಾನದಲ್ಲಿ ಅನಟೋಲಿಯಾದಲ್ಲಿ ಸಂಚರಿಸಿದ ಇಬ್ನ್ ಬತೂತ ಅಕ್ಸರಾಯ್ ಊರಿನ ಗಂಬಳಿಗಳನ್ನು ಹೊಗಳಿ, ಅವು ಈಜಿಪ್ಟ್, ಚೀನಾ ಮಾತ್ರವಲ್ಲದೆ ಭಾರತಕ್ಕೂ ಹೋಗುತ್ತವೆ ಎಂದು ದಾಖಲಿಸಿದ್ದಾನೆ.

ಯುರೋಪಿನಲ್ಲಿ ಇವು ನೆಲಕ್ಕಿಂತ ಮೇಜಿನ ಮೇಲೆ ಹೆಚ್ಚು ಮೆರೆದವು. 1533ರಲ್ಲಿ ಹಾನ್ಸ್ ಹೋಲ್ಬೈನ್ ಬರೆದ ‘ದಿ ಅಂಬಾಸಡರ್ಸ್’ ಚಿತ್ರದಲ್ಲಿ ಇಬ್ಬರು ಗಣ್ಯರು ಮೊಣಕೈ ಊರಿರುವುದು ಟರ್ಕಿಯ ಗಂಬಳಿಯ ಮೇಲೆ. ಅಂಥ ವಿನ್ಯಾಸಗಳನ್ನು ಇಂದಿಗೂ ಹೋಲ್ಬೈನ್ ಗಂಬಳಿ, ಲೋಟೊ ಗಂಬಳಿ ಎಂದು ಕಲಾವಿದರ ಹೆಸರಿನಲ್ಲೇ ಗುರುತಿಸುತ್ತಾರೆ. ನೇಯ್ದ ಹೆಂಗಸರ ಹೆಸರು ಎಲ್ಲೂ ಇಲ್ಲ. ರುಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಂತೂ ಪ್ರೊಟೆಸ್ಟೆಂಟ್ ಚರ್ಚುಗಳೇ ಭಂಡಾರಗಳಾದವು. ಬ್ರಾಶೋವ್‌ನ ಕಪ್ಪು ಚರ್ಚಿನ ಗೋಡೆ, ಮೊಗಸಾಲೆಗಳಲ್ಲಿ ಇಳಿಬಿಟ್ಟಿರುವ ಗಂಬಳಿಗಳಲ್ಲಿ ಎಷ್ಟೋ ಮಿಹ್ರಾಬ್ (ಮಸೀದಿಯ ಪ್ರಾರ್ಥನಾ ಗೂಡು) ಕಮಾನಿನ ನಮಾಜು ಗಂಬಳಿಗಳು. ಅವನ್ನು ಅಲ್ಲಿಗೆ ಕಾಣಿಕೆ ಕೊಟ್ಟವರು ಕ್ರೈಸ್ತ ವರ್ತಕರು.

ಅರಮನೆಗೂ ಬೇರೆ ನೇಯ್ಗೆ ಬೇಕಿತ್ತು. ಇಸ್ತಾಂಬುಲ್‌ಗೆ ಹತ್ತಿರದ ಹೆರೆಕೆಯಲ್ಲಿ 1843ರಲ್ಲಿ ಶುರುವಾದ ಕಾರ್ಖಾನೆ ಮುಂದೆ ಸುಲ್ತಾನರ ಅರಮನೆಗಳಿಗಾಗಿ ಗಂಬಳಿ ನೇಯಿಸಿತು. ಹೆರೆಕೆಯ ರೇಷ್ಮೆ ಗಂಬಳಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ 100 ಗಂಟು, ಎಂದರೆ ಚದರ ಮೀಟರಿಗೆ ಹತ್ತು ಲಕ್ಷ. ಇಲ್ಲಿ ನೇಕಾರ್ತಿಯ ಮನಸ್ಸಿಗೆ ಎಡೆಯಿಲ್ಲ. ಕಾಗದದ ಮೇಲಿನ ನಕ್ಷೆಯನ್ನು ಗಂಟಿಗೆ ಗಂಟು ಪಾಲಿಸಬೇಕು. ಇಸ್ತಾಂಬುಲ್‌ನ ಕುಮ್‌ಕಾಪಿಯ ಅರ್ಮೇನಿಯನ್ ಕುಶಲಕರ್ಮಿಗಳು ರೇಷ್ಮೆಗೆ ಲೋಹದ ಎಳೆ ಸೇರಿಸಿ ನೇಯ್ದದ್ದೂ ಇದೇ ಧಾಟಿಯದು. ಹಳ್ಳಿಗಳಲ್ಲೂ ಅರ್ಮೇನಿಯನ್, ಗ್ರೀಕ್, ಕುರ್ದ್ ನೇಕಾರರಿದ್ದರು. 1915ರ ಅರ್ಮೇನಿಯನ್ ನರಮೇಧ ಮತ್ತು 1923ರ ಗ್ರೀಕ್-ಟರ್ಕಿ ಜನವಿನಿಮಯದ ನಂತರ ಆ ಕೈಗಳಲ್ಲಿ ಬಹುಪಾಲು ಅನಟೋಲಿಯಾದಲ್ಲಿ ಉಳಿಯಲಿಲ್ಲ.

ವರ್ತಕ, ಗಿರಣಿ, ಡಬ್ಬಿ ಬಣ್ಣ

ಹಳೆಯ ಬಣ್ಣಗಳಲ್ಲಿ ಹೆಚ್ಚಿನವು ಹೊಲ, ಬೇಲಿಗಳಿಂದ ಬಂದವು. ನಮ್ಮ ಮಂಜಿಷ್ಠದ ಹತ್ತಿರದ ಸಂಬಂಧಿಯಾದ ಗಿಡದ ಬೇರಿನಿಂದ ಕೆಂಪು, ನೀಲಿಗಿಡದಿಂದ ನೀಲಿ, ಅಕ್ರೋಟಿನ ಸಿಪ್ಪೆಯಿಂದ ಕಂದು. ಬಣ್ಣ ಹಿಡಿಯಲು ಪಟಿಕದ ನೀರು. ಕಪ್ಪಿಗೆ ಕಬ್ಬಿಣ ಬಳಸುತ್ತಿದ್ದರು, ಅದು ಕಾಲಕ್ರಮದಲ್ಲಿ ಉಣ್ಣೆಯನ್ನೇ ತಿನ್ನುತ್ತದೆ. ಹಾಗಾಗಿ ಹಳೆಯ ಗಂಬಳಿಯ ಮೇಲೆ ಕೈಯಾಡಿಸಿದರೆ ಕಪ್ಪು ಗೆರೆಗಳು ತಗ್ಗಾಗಿ, ಕೆಂಪು ನೀಲಿಗಳು ಉಬ್ಬಾಗಿ ತಾಗುತ್ತವೆ. ಒಂದು ಹಂಡೆಯ ಬಣ್ಣ ಮುಗಿದು ಇನ್ನೊಂದು ಹಂಡೆಯ ನೂಲು ಬಂದಾಗ ಛಾಯೆ ತುಸು ಬದಲಾಗಿ ಅಡ್ಡ ಪಟ್ಟಿ ಮೂಡುತ್ತದೆ. ಇದಕ್ಕೆ ಅಬ್ರಾಶ್ ಎನ್ನುತ್ತಾರೆ. ಸಂಗ್ರಾಹಕರು ಇದನ್ನು ದೋಷವೆಂದು ಎಣಿಸುವುದಿಲ್ಲ.

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಮೊದಲ ಕೃತಕ ನೇರಳೆ ಬಣ್ಣ ತಯಾರಿಸಿದ ಮೇಲೆ ಇದೆಲ್ಲ ಬದಲಾಯಿತು. ಕೆಲವೇ ದಶಕಗಳಲ್ಲಿ ಡಬ್ಬಿ ಬಣ್ಣ ಅನಟೋಲಿಯಾದ ಹಳ್ಳಿ ಮುಟ್ಟಿತು. ಯುರೋಪ್, ಅಮೆರಿಕದ ಬೈಠಕ್‌ಖಾನೆಗಳ ಬೇಡಿಕೆಗೆ ತಕ್ಕಂತೆ ಇಜ್ಮಿರ್‌ನ ವರ್ತಕರು ನೂಲು, ನಕ್ಷೆ, ಬಣ್ಣ ಎಲ್ಲವನ್ನೂ ತಾವೇ ಒದಗಿಸಿ ಕೂಲಿ ನೇಯ್ಗೆ ಮಾಡಿಸತೊಡಗಿದರು. ಅದರ ಬಿಸಿ ಹೆಚ್ಚು ತಟ್ಟಿದ್ದು ಉಶಾಕ್ ಊರಿಗೆ. ಮನೆಯಲ್ಲಿ ನೂಲು ತೆಗೆದು ಬದುಕುತ್ತಿದ್ದ ಹೆಂಗಸರ ಕೆಲಸವನ್ನು ಗಿರಣಿಗಳು ಕಸಿದುಕೊಂಡವು. 1908ರ ಮಾರ್ಚ್‌ನಲ್ಲಿ ಹೆಂಗಸರು, ಮಕ್ಕಳು ಗುಂಪುಗೂಡಿ ಅಲ್ಲಿನ ಮೂರು ನೂಲಿನ ಗಿರಣಿಗಳಿಗೆ ನುಗ್ಗಿ, ಉಣ್ಣೆ ಹೊತ್ತೊಯ್ದು ಯಂತ್ರ ಹಾಳುಗೆಡವಿದರು. ಇಂದು ದುಬಾರಿ ಬಂಗಲೆಗಳಲ್ಲಿ ಹಾಸುವ ಉಶಾಕ್ ಗಂಬಳಿಗಳಲ್ಲಿ ಬಹಳಷ್ಟು ಈ ಕಾಲದವು.

ಬೇರಿನ ಬಣ್ಣ ಮರಳಿದ ಬಗೆ

ಸುಮಾರು ನೂರು ವರ್ಷಗಳಲ್ಲಿ ಹಳ್ಳಿಯವರಿಗೇ ಬೇರಿನ ಬಣ್ಣ ಮರೆತುಹೋಗಿತ್ತು. ಇಸ್ತಾಂಬುಲ್‌ನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜರ್ಮನಿಯ ಹರಾಲ್ಡ್ ಬೋಮರ್ ಹಳೆಯ ಗಂಬಳಿಗಳ ಎಳೆಗಳನ್ನು ಪರೀಕ್ಷಿಸಿ ಯಾವ ಗಿಡದಿಂದ ಯಾವ ಬಣ್ಣ ಬಂದಿತ್ತೆಂದು ಪತ್ತೆಹಚ್ಚಿದರು. ಇದೇ ಆಧಾರದಲ್ಲಿ 1981ರಲ್ಲಿ ಚನಾಕ್ಕಲೆ ಪ್ರಾಂತ್ಯದ ಆಯ್ವಜಿಕ್ ಸುತ್ತಲಿನ ಹಳ್ಳಿಗಳಲ್ಲಿ ಮರ್ಮರಾ ವಿಶ್ವವಿದ್ಯಾಲಯದ ಬೆಂಬಲದೊಂದಿಗೆ ‘ದೊಬಾಗ್’ ಯೋಜನೆ ಶುರುವಾಯಿತು. ಗಿಡದ ಬಣ್ಣ, ಕೈಯಲ್ಲಿ ತೆಗೆದ ನೂಲು, ಸ್ಥಳೀಯ ವಿನ್ಯಾಸ ಅದರ ನಿಯಮ. ಮಾರಾಟಕ್ಕೆ ಸಹಕಾರ ಸಂಘ ಕಟ್ಟಿದರು. ಮನಿಸಾ ಪ್ರಾಂತ್ಯದ ಯುಂತ್‌ದಾಗ್‌ನಲ್ಲಿ ಮಹಿಳೆಯರದೇ ಸಂಘ ಬಂತು. ಮ್ಯೂಸಿಯಂ ಸೇರಿದ್ದ ಕೆಂಪು ಮತ್ತೆ ಹಳ್ಳಿಯ ಹಂಡೆಗೆ ಬಂತು.

ಕೊಳ್ಳುವವರಿಗೆ ಎರಡು ಮಾತು. ಫುಕ್ಸಿನ್‌ನಂಥ ಮೊದಲ ತಲೆಮಾರಿನ ಕೃತಕ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಮೇಲೆ ಬೂದು, ಬೆನ್ನಿನಲ್ಲಿ ಢಾಳಾದ ಗುಲಾಬಿ ಇದ್ದರೆ ಅದು 19ನೇ ಶತಮಾನದ ಕೊನೆಯ ಭಾಗಕ್ಕಿಂತ ಹಿಂದಿನದಾಗಿರುವುದು ಕಷ್ಟ. ಇನ್ನು ಗಂಬಳಿಯಲ್ಲೇ ನೇಯ್ದಿರುವ ಇಸವಿ. ಅರಬ್ಬಿ ಅಂಕಿಗಳಲ್ಲಿ ಮೂರಕ್ಕೂ ಎರಡಕ್ಕೂ ಒಂದು ಹಲ್ಲಿನಷ್ಟೇ ವ್ಯತ್ಯಾಸ. ಕೆಲವು ಗಂಟು ಕಿತ್ತು ಬಣ್ಣ ಬದಲಿಸಿದರೆ ಹಿಜರಿ 1312 ಹೋಗಿ 1212 ಆಗುತ್ತದೆ, ಗಂಬಳಿಗೆ ಕ್ಷಣದಲ್ಲಿ ಸುಮಾರು ನೂರು ವರ್ಷ ವಯಸ್ಸು ಏರುತ್ತದೆ. ರುಮೇನಿಯಾದ ತೆಯೊಡೊರ್ ತುದುಕ್ ಎಂಬಾತ 20ನೇ ಶತಮಾನದಲ್ಲಿ ನೇಯಿಸಿದ ನಕಲಿಗಳಿಗೆ ಮ್ಯೂಸಿಯಂಗಳೇ ಮೋಸಹೋಗಿದ್ದವು.

ಈಗ ಗಾಝಿಯಾಂತೆಪ್‌ನ ಕಾರ್ಖಾನೆಗಳು ಯಂತ್ರದಲ್ಲೇ ಗಂಬಳಿ ನೇಯ್ದು ಜಗತ್ತಿಗೆಲ್ಲ ಕಳಿಸುತ್ತಿವೆ. ಮಾಸಿದ ಬಣ್ಣ, ಸವೆದ ಅಂಚು, ಅಬ್ರಾಶ್ ಕೂಡ ಯಂತ್ರವೇ ಮೂಡಿಸಬಲ್ಲದು. ತಿಂಗಳುಗಟ್ಟಲೆ ಮಗ್ಗದ ಮುಂದೆ ಕೂತು ಸಿಗುವ ಕೂಲಿಗಿಂತ ಪೇಟೆಯ ಕೆಲಸವೇ ಲೇಸು ಎಂದು ಹಳ್ಳಿಯ ಹುಡುಗಿಯರು ಎಣಿಸಿದರೆ ತಪ್ಪೆನ್ನಲಾಗದು. ಹಳೆಯ ಗಂಬಳಿಗೆ ಕೇಳಿದಷ್ಟು ಬೆಲೆ ಕೊಡುವವರು ಹೊಸ ಗಂಬಳಿಯ ಗಂಟಿಗೂ ನ್ಯಾಯದ ಕೂಲಿ ಕೊಟ್ಟರೆ ಮಾತ್ರ, ಇನ್ನು ನೂರು ವರ್ಷದ ಮೇಲೆ ಆಂಟಿಕ್ ಎಂದು ಕರೆಯಲು ಏನಾದರೂ ಉಳಿದೀತು.