ಗುರಾಣಿ ಗ್ರಂಥಿಯೂ ನಮ್ಮ ದಿನಚರಿಯೂ

ನಮ್ಮ ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಾಕಾರದ ಗ್ರಂಥಿಯೊಂದಿದೆ. ಪಠ್ಯಪುಸ್ತಕ ಇದನ್ನು ಗುರಾಣಿ ಗ್ರಂಥಿ ಎನ್ನುತ್ತದೆ. ಮನೆಯಲ್ಲಿ ನಾವೆಲ್ಲ ಥೈರಾಯ್ಡ್ ಎನ್ನುತ್ತೇವೆ. ಇದು ಒಸರಿಸುವ ಥೈರಾಕ್ಸಿನ್ ದೇಹದ ಒಲೆಯ ಉರಿಯನ್ನು ಹದವಾಗಿಡುತ್ತದೆ. ಕೆಲವರಲ್ಲಿ, ಶರೀರವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಈ ಗ್ರಂಥಿಯನ್ನು ಹಗೆಯೆಂದು ಬಗೆದು ಸವೆಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! 1912ರಲ್ಲಿ ಇದನ್ನು ಮೊದಲು ವರ್ಣಿಸಿದ ಜಪಾನಿನ ವೈದ್ಯ ಹಾಶಿಮೊಟೊ ಅವರ ಹೆಸರೇ ರೋಗಕ್ಕೆ ನಿಂತಿದೆ. ಹೆಂಗಸರಲ್ಲಿ ಇದು ಹೆಚ್ಚು. ಶಾಲೆಯ ಮಕ್ಕಳಿಗೂ ಬರುವುದುಂಟು.

ಆಯಾಸ, ತೂಕಡಿಕೆ, ಚಳಿ ತಡೆಯದಿರುವುದು, ಮಲಬದ್ಧತೆ, ಮರೆವು ಇದರ ಲಕ್ಷಣಗಳು. ಯಾವುದೂ ರೋಗವೆಂದು ಥಟ್ಟನೆ ತೋರುವುದಿಲ್ಲ. ಆದ್ದರಿಂದ ಮಗಳನ್ನು ಸೋಮಾರಿಯೆಂದು ಬೈಯುವ ಮುನ್ನ ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸುವುದು ಮೇಲು.

ಗ್ರಂಥಿಯ ಕೆಲಸ ಕುಂದಿದರೆ ವೈದ್ಯರು ಥೈರಾಕ್ಸಿನ್ ಮಾತ್ರೆ ಕೊಡುತ್ತಾರೆ. ಹೆಚ್ಚಿನವರಿಗೆ ಅದು ಜೀವನಪರ್ಯಂತ ಬೇಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಏನನ್ನೂ ಸೇವಿಸಬಾರದು. ನಮ್ಮ ಮನೆಗಳಲ್ಲಿ ತೊಡಕಿರುವುದು ಇಲ್ಲಿಯೇ. ತಾಯಂದಿರು ಎದ್ದೊಡನೆ ಕಾಫಿ ಕುಡಿದು, ಮಾತ್ರೆಯನ್ನು ಕೆಲಸವೆಲ್ಲ ಮುಗಿದ ಮೇಲೆ ನೆನೆಯುತ್ತಾರೆ. ಕಾಫಿ ಮಾತ್ರೆಯನ್ನು ಮೈಗೆ ಹತ್ತಗೊಡದು. ರಾತ್ರಿಯೇ ಹಾಸಿಗೆಯ ಬಳಿ ಮಾತ್ರೆಯನ್ನೂ ಒಂದು ಲೋಟ ನೀರನ್ನೂ ಇಟ್ಟುಕೊಂಡರೆ ಈ ತೊಡಕು ತಪ್ಪುತ್ತದೆ. ಕಬ್ಬಿಣಾಂಶದ, ಸುಣ್ಣಾಂಶದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕು.

ಇನ್ನೊಂದು ಮೋಸವಿದೆ. ನುಂಗಿದ ಔಷಧದ ಅರ್ಧಪಾಲು ಸುಮಾರು ಒಂದು ವಾರ ರಕ್ತದಲ್ಲೇ ಉಳಿಯುತ್ತದೆ. ಹೀಗಾಗಿ ನಾಲ್ಕು ದಿನ ಬಿಟ್ಟರೂ ಏನೂ ಆಗದಂತೆ ಕಂಡು, "ವಾಸಿಯಾಯಿತು" ಎಂದು ನಿಲ್ಲಿಸಿಬಿಡುವವರುಂಟು. ಕಾಯಿಲೆ ಆಮೇಲೆ ಮೆಲ್ಲನೆ ಮರಳುತ್ತದೆ. ಪ್ರಮಾಣ ಬದಲಿಸಿದಾಗಲೂ 6ರಿಂದ 8 ವಾರ ಕಾದು ರಕ್ತ ಪರೀಕ್ಷಿಸುವುದು ಇದೇ ಕಾರಣಕ್ಕೆ.

ಹೊಸೂರು, ಡೆಂಕಣಿಕೋಟೆ ಕಡೆಯ ನಮಗೆ ರಾಗಿಮುದ್ದೆ, ಎಲೆಕೋಸು ಬಿಡಬೇಕೇ ಎಂಬ ಚಿಂತೆ. ಬೇಯಿಸಿದ ಕೋಸು ಮಿತವಾಗಿ ತಿಂದರೆ ಬಾಧಕವಿಲ್ಲ. ಮುದ್ದೆಯೂ ಇರಲಿ, ಮಾತ್ರೆಯ ಹೊತ್ತಿಗೆ ಮಾತ್ರ ಬೇಡ. ಅಡುಗೆಗೆ ಅಯೋಡಿನ್ ಉಪ್ಪು ಸಾಕು. ಹೆಚ್ಚು ಅಯೋಡಿನ್ ಒಳ್ಳೆಯದೆಂದು ಅದರ ಮಾತ್ರೆಗಳನ್ನು ತಾವಾಗಿ ನುಂಗಿದರೆ ಈ ರೋಗ ಉಲ್ಬಣಿಸಬಹುದು.

ವ್ಯಾಯಾಮವೂ ಅಷ್ಟೇ. ಚಂದ್ರಚೂಡೇಶ್ವರನ ಬೆಟ್ಟವನ್ನು ಒಂದು ದಿನ ಓಡಿ ಹತ್ತಿ ಮೂರು ದಿನ ಮಲಗುವುದಕ್ಕಿಂತ ದಿನವೂ ಅರ್ಧ ಗಂಟೆಯ ನಡಿಗೆ ಲೇಸು.

ಗಡಿನಾಡಿನ ನಮ್ಮ ಎಷ್ಟೋ ತಾಯಂದಿರಿಗೆ ಔಷಧದ ಚೀಟಿಯ ತಮಿಳಾಗಲಿ ಇಂಗ್ಲಿಷಾಗಲಿ ಓದಲು ಬಾರದು. ಮಕ್ಕಳೇ, ಮಾತ್ರೆಯ ವೇಳೆಯನ್ನೂ ಮುಂದಿನ ರಕ್ತಪರೀಕ್ಷೆಯ ತಾರೀಖನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿಡಿರಿ.