ಸಾಲಗುಂದದಿಂದ ಶೂ ಅಂಗಡಿಗೆ: ಸರ್ಕಾರ ತರಗತಿ ಎಣಿಸುತ್ತದೆ, ಮಕ್ಕಳ ಪಾದ ಅಳೆಯುವವರು ಯಾರು?

ಡಿಸೆಂಬರಿನ ಒಂದು ಭಾನುವಾರ ಅಕ್ಕನ ಇಬ್ಬರು ಮಕ್ಕಳನ್ನ ಕರಕೊಂಡು ಸಾಲಗುಂದದಿಂದ ಸಿಂಧನೂರಿಗೆ ಶೂ ತರಲು ಹೋಗಿದ್ದೆ. ದೊಡ್ಡವಳು ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು, ಚಿಕ್ಕವನಿಗೆ ನಾಲ್ಕು ವರ್ಷ.

ರಾಯಚೂರು ಜಿಲ್ಲೆಯಲ್ಲಿ ಎಂಥಾ ಚಳಿಗಾಲದ ಶೂ ಅಂತ ನಗಬೇಡಿ. ಮಧ್ಯಾಹ್ನ ಬಿಸಿಲು ಚುರುಗುಡುತ್ತೆ, ನಿಜ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಎರೆಭೂಮಿಯ ಊರಲ್ಲಿ ಬೆಳಗ್ಗೆ ಏಳಕ್ಕೆ ಬರಿಗಾಲಲ್ಲಿ ನಿಂತು ನೋಡಿ. ದೊಡ್ಡವರ ಹಿಮ್ಮಡಿಯೇ ಒಡೆಯುತ್ತೆ, ಮಕ್ಕಳ ಕಾಲು ಕೇಳಬೇಕೆ? ಮೇಲಾಗಿ ಕೊಕ್ಕೆಹುಳದ ಮರಿಗಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕವೇ ಒಳಗೆ ಹೋಗಿ ರಕ್ತಹೀನತೆ ತರುತ್ತವೆ. ಶೂ ಇಲ್ಲಿ ಶೋಕಿಯಲ್ಲ.

ಹುಡುಗಿಗೆ ಶಾಲೆಯಲ್ಲಿ ಕೊಟ್ಟ ಕರಿ ಶೂ ಇದ್ದವು. ಕೊಟ್ಟಾಗ ಸರಿಯಾಗಿದ್ದವು. ಈಗ ಹೆಬ್ಬೆರಳು ಮಡಚಿದರೆ ಮಾತ್ರ ಕಾಲು ಒಳಗೆ ಹೋಗುತ್ತೆ. ಅಂಗಡಿಯವರು ಪರಿಹಾರ ಹೇಳಿದರು: "ಎರಡ್ ನಂಬರ್ ದೊಡ್ಡವು ಒಯ್ರಿ ಸರ, ಮುಂದಿನ ವರ್ಷಕ್ಕೂ ಬರ್ತಾವ." ಫೋನಲ್ಲಿ ಅಕ್ಕನೂ ಅದನ್ನೇ ಅಂದಳು: "ಬೆಳಿಯೋ ಮಕ್ಳದಾವ, ದೊಡ್ಡವೇ ತಗೊ." ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದವಳು, "ಮಾಮಾ, ಹಿಂದ ಕಳಚತಾವ" ಅಂದಳು. ಚಿಕ್ಕವನದು ಒಂದೇ ಹಟ: ನಡೆದರೆ ಲೈಟ್ ಹತ್ತೋ ಶೂನೇ ಬೇಕು.

ಓದಿದ್ದು ಎಂಜಿನಿಯರಿಂಗ್ ಅಲ್ವಾ, ಲೆಕ್ಕ ಶುರುವಾಯ್ತು.

ನಂಬರ್ ಅಂದರೆ ಏನು?

ಅಂಗಡಿಯವರು ಹೇಳೋ ನಂಬರ್ ಬ್ರಿಟಿಷರು ಬಿಟ್ಟುಹೋದದ್ದು. ಅದರ ಮೂಲ ಅಳತೆ ಒಂದು ಜವೆಗೋಧಿ ಕಾಳಿನ ಉದ್ದ, ಅಂದರೆ ಇಂಚಿನ ಮೂರರಲ್ಲೊಂದು ಭಾಗ, ಸುಮಾರು 8.5 ಮಿಲಿಮೀಟರ್. ಮಕ್ಕಳ ನಂಬರ್ 13ರವರೆಗೆ ಹೋಗಿ, ಮತ್ತೆ 1ರಿಂದ ಶುರುವಾಗುತ್ತೆ. ಹಾಗಾಗಿ "1 ನಂಬರ್" ಅಂದರೆ ಕೂಸಿನದೋ ಶಾಲೆಗೆ ಹೋಗೋ ಹುಡುಗನದೋ ಅಂತ ಗೊಂದಲ ಆಗೋದು ಸಹಜ.

ಪ್ರಾಥಮಿಕ ಶಾಲೆಯ ಮಕ್ಕಳ ಪಾದ ವರ್ಷಕ್ಕೆ ಹೆಚ್ಚುಕಡಿಮೆ 8ರಿಂದ 10 ಮಿ.ಮೀ. ಬೆಳೆಯುತ್ತೆ, ಅಂದರೆ ವರ್ಷಕ್ಕೊಂದು ನಂಬರ್. ತೀರಾ ಚಿಕ್ಕ ಮಕ್ಕಳದು ಇನ್ನೂ ಬೇಗ. ಜೂನ್‌ನಲ್ಲಿ ಬೆರಳಿನ ಮುಂದೆ 1 ಸೆಂ.ಮೀ. ಜಾಗ ಬಿಟ್ಟು ಕೊಂಡ ಶೂನಲ್ಲಿ ಡಿಸೆಂಬರಿಗೂ ಅರ್ಧ ಸೆಂ.ಮೀ. ಉಳಿದಿರುತ್ತೆ. ಜಾಗ ಬಿಡದೆ ಕೊಂಡರೆ ಬೆರಳು ಮಡಚಬೇಕು. ಎರಡು ನಂಬರ್ ದೊಡ್ಡದು ಕೊಂಡರೆ 17 ಮಿ.ಮೀ. ಹೆಚ್ಚು, ಹಿಮ್ಮಡಿ ಕಳಚುತ್ತೆ.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1 ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನ ತ್ರೀಡಿ ಸ್ಕ್ಯಾನರ್‌ನಲ್ಲಿ ಅಳೆಯಿತು. ಭಾರತೀಯರ ಪಾದ ಹೆಚ್ಚು ಅಗಲ ಅಂತ ಗೊತ್ತಾಯ್ತು. ಅಗಲ ಸಾಲದೆ ಒತ್ತುತ್ತೆ, ಹಾಗಾಗಿ ನಾವು ಉದ್ದ ಹೆಚ್ಚಿರೋ ಶೂ ಕೊಳ್ಳುತ್ತೀವಿ. ಇದಕ್ಕಾಗಿ 'ಭ' ಅನ್ನೋ ಹೊಸ ಅಳತೆಯ ಪದ್ಧತಿಯ ಪ್ರಸ್ತಾವ ಬಂತು. 1ರಿಂದ 3, 4ರಿಂದ 6, 7ರಿಂದ 11 ವರ್ಷದ ಮಕ್ಕಳಿಗೆ ಅದರಲ್ಲಿ ಬೇರೆ ಬೇರೆ ಗುಂಪುಗಳಿವೆ. ನಾವು ನೋಡಿದ ಡಬ್ಬಿಗಳ ಮೇಲೆ ಇದ್ದದ್ದು ಮಾತ್ರ ಜವೆಗೋಧಿಯ ಲೆಕ್ಕವೇ.

ಸರ್ಕಾರದ ಲೆಕ್ಕ

ಸರ್ಕಾರಿ ಶಾಲೆಯ 1ರಿಂದ 10ನೇ ತರಗತಿ ಮಕ್ಕಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಒಂದು ಜೊತೆ ಕರಿ ಶೂ, ಎರಡು ಜೊತೆ ಬಿಳಿ ಸಾಕ್ಸ್ ಕೊಡುತ್ತೆ. ಒಳ್ಳೆಯ ಯೋಜನೆ, ಅನುಮಾನವೇ ಇಲ್ಲ. 2023-24ರಲ್ಲಿ ಇದಕ್ಕೆ ಗೊತ್ತುಮಾಡಿದ್ದ ದರ: 1ರಿಂದ 5ನೇ ತರಗತಿಗೆ 265 ರೂ., 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325. ಆರು ವರ್ಷದ ಕೂಸಿಗೂ ಹತ್ತು ವರ್ಷದ ಹುಡುಗನಿಗೂ ಒಂದೇ 265. ಇಬ್ಬರ ಪಾದಕ್ಕೂ ನಾಲ್ಕು ನಂಬರ್ ವ್ಯತ್ಯಾಸ ಇರುತ್ತೆ.

ಹಣ ಬರೋ ಸಮಯವೂ ಮುಖ್ಯ. 2022ರಲ್ಲಿ ಶಾಲೆ ಶುರುವಾಗಿದ್ದು ಮೇ 16ಕ್ಕೆ. ಶೂಗೆ 132 ಕೋಟಿ ರೂ. ಮಂಜೂರಾಗಿದ್ದು ಜುಲೈನಲ್ಲಿ, ಅದೂ ಟೀಕೆ ಜೋರಾದ ಮೇಲೆ. ಶಾಲೆ ಶುರುವಿನಲ್ಲಿ ಬರೆದುಕೊಂಡ ನಂಬರ್, ಶೂ ಕೈಗೆ ಬರೋ ಹೊತ್ತಿಗೆ ಹಳೇದಾಗುತ್ತೆ.

ಇನ್ನು ತೆರಿಗೆ. 1,000 ರೂ. ಒಳಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5 ಇತ್ತು. 2022ರ ಜನವರಿ 1ರಿಂದ ಅದು ಶೇ 12 ಆಯ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂ. ವರೆಗಿನದಕ್ಕೆ ಮತ್ತೆ ಶೇ 5. ಮೂಲಬೆಲೆ 300 ರೂ. ಇರೋ ಮಕ್ಕಳ ಶೂ 336ರಿಂದ 315ಕ್ಕೆ ಇಳಿಯಬೇಕು. 21 ರೂಪಾಯಿ ಉಳಿತಾಯ, ಒಪ್ಪಿದೆ. ಆದರೆ ಅಗ್ಗದ ಶೂ ಕೊಳ್ಳೋರಿಗೆ ಇದು ಹೊಸ ಉಡುಗೊರೆಯಲ್ಲ, 2021ರ ದರಕ್ಕೆ ವಾಪಸ್ ಬಂದದ್ದು. ನಡುವಿನ ಮೂರು ವರ್ಷ ಒಂಬತ್ತು ತಿಂಗಳು ಅವರು ಹೆಚ್ಚು ಕಟ್ಟಿದ್ದು ಕಟ್ಟಿದ್ದೇ.

ನಮ್ಮ ಕೈಲಿರೋದು

ಶಾಲೆಯ ಶೂ ಕೊಳ್ಳೋದು ಬೆಂಗಳೂರಲ್ಲ, ಆಯಾ ಶಾಲೆಯ ಎಸ್‌ಡಿಎಂಸಿ. ಅದರಲ್ಲಿರೋದು ನಮ್ಮೂರಿನ ಅಪ್ಪ ಅಮ್ಮಂದಿರೇ. ದರ ಏರಿಸಿ ಅಂತ ಸರ್ಕಾರಕ್ಕೆ ಕೇಳೋಣ, ಕೇಳಲೇಬೇಕು. ಅದಕ್ಕೂ ಮುಂಚೆ ಸಭೆಯಲ್ಲಿ ಎರಡೇ ಮಾತು ಕೇಳಿ: ಅಳತೆ ಯಾವಾಗ ತಗೊಂಡ್ರಿ? ಬೆರಳಿನ ಮುಂದೆ ಎಷ್ಟು ಜಾಗ ಬಿಟ್ರಿ?

ಅಳೆಯೋದಕ್ಕೆ ಯಂತ್ರ ಬೇಕಿಲ್ಲ. ಹಾಳೆಯ ಮೇಲೆ ಮಗುವನ್ನ ನಿಲ್ಲಿಸಿ. ಕೂತಾಗ ಅಳೆಯಬೇಡಿ, ನಿಂತಾಗ ಪಾದ ಚಾಚುತ್ತೆ. ಸಂಜೆ ಅಳೆಯೋದು ಒಳ್ಳೇದು, ಆಗ ಪಾದ ಸ್ವಲ್ಪ ಉಬ್ಬಿರುತ್ತೆ. ಸಾಕ್ಸ್ ಹಾಕಿಸಿ ಎರಡೂ ಪಾದದ ಗೆರೆ ಎಳೆದು, ಹಿಮ್ಮಡಿಯಿಂದ ಉದ್ದದ ಬೆರಳಿನವರೆಗೆ ಅಳೆಯಿರಿ. ದೊಡ್ಡ ಪಾದಕ್ಕೆ 1 ಸೆಂ.ಮೀ. ಸೇರಿಸಿ. ಶೂ ಒಳಗಿನ ಉದ್ದ ಅಷ್ಟಿರಬೇಕು. ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿ.

ನಾವೂ ಅಂಗಡಿಯ ಬಿಲ್ಲಿನ ಹಿಂದೆ ಗೆರೆ ಎಳೆದೆವು. ಹುಡುಗಿಗೆ ಎರಡಲ್ಲ, ಒಂದೇ ನಂಬರ್ ದೊಡ್ಡವು ಸರಿಹೋದವು. ಚಿಕ್ಕವನ ಹಟ ಗೆದ್ದಿತು, ಆದರೆ ಅಳತೆ ನೋಡಿಯೇ ಗೆದ್ದಿತು. ಬಸ್ಸಿನ ತುಂಬ ಕಾಲು ಬಡಿದು ಲೈಟ್ ಹತ್ತಿಸಿಕೊಂಡೇ ಬಂದ. ಆ ಬಿಲ್ಲನ್ನ ಅಕ್ಕ ಅಡುಗೆಮನೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದಾಳೆ. ಜೂನ್‌ನಲ್ಲಿ ಮತ್ತೆ ಅಳೆದು, ಅದನ್ನ ಎಸ್‌ಡಿಎಂಸಿ ಸಭೆಗೆ ಒಯ್ಯುತ್ತಾಳಂತೆ.